ಕಡಲಿಗೊಂದು ಗಾಜು, ಮೋಡಕ್ಕೊಂದು ಗಾಜು

ಮಧ್ಯಾಹ್ನದ ಬಿಸಿಲಲ್ಲಿ ಮನೆಯೊಳಗೆ ನಿಂತು ಬಾಗಿಲಿನತ್ತ ಮೊಬೈಲ್ ಹಿಡಿದು ನೋಡಿ. ಹಳೆಯ ಫೋನಾದರೆ ಅಂಗಳ ಬೆಳ್ಳಗೆ ಸುಟ್ಟಂತೆ ಬರುತ್ತದೆ, ಇಲ್ಲವೇ ಹೊಸ್ತಿಲ ಬಳಿ ಕೂತವರ ಮುಖ ಕಪ್ಪಾಗುತ್ತದೆ. ಈಗಿನ ಫೋನುಗಳಲ್ಲಿ ಎರಡೂ ಕಾಣುತ್ತವೆ. ಇದಕ್ಕೆ ಎಚ್‌ಡಿಆರ್ ಎನ್ನುತ್ತಾರೆ. ಹೆಸರು ಹೊಸದು, ಅದರ ಹಿಂದಿನ ಉಪಾಯಕ್ಕೆ ಮಾತ್ರ 160 ವರ್ಷ ದಾಟಿದೆ.

1850ರ ದಶಕದಲ್ಲಿ ಫೋಟೊ ಮೂಡುತ್ತಿದ್ದುದು ಕೊಲೋಡಿಯನ್ ಎಂಬ ದ್ರವ ಸವರಿದ ಗಾಜಿನ ಮೇಲೆ. ಅದರ ಮೇಲೆ ನೀಲಿ ಬೆಳಕು ಬಹುಬೇಗ ಅಚ್ಚಾಗುತ್ತಿತ್ತು. ನೆಲ, ನೀರು ಸರಿಯಾಗಿ ಮೂಡುವ ಹೊತ್ತಿಗೆ ಆಕಾಶ ಬರೀ ಬಿಳಿಯಾಗಿ ಮೋಡಗಳೆಲ್ಲ ಅಳಿಸಿಹೋಗುತ್ತಿದ್ದವು. ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ ಇದಕ್ಕೊಂದು ದಾರಿ ಕಂಡುಕೊಂಡ. ಕಡಲಿಗೆ ಒಂದು ಗಾಜು, ಮೋಡಕ್ಕೆ ಇನ್ನೊಂದು. ಎರಡನ್ನೂ ಒಂದೇ ಕಾಗದದ ಮೇಲೆ, ನೀರು ಮತ್ತು ಬಾನು ಕೂಡುವ ಗೆರೆಯಲ್ಲಿ ಸೇರಿಸಿ ಮುದ್ರಿಸಿದ. ಸೆಟ್ ಎಂಬ ಊರಿನ ಕಡಲತೀರದಲ್ಲಿ 1857ರಲ್ಲಿ ಅವನು ತೆಗೆದ ‘ದೊಡ್ಡ ಅಲೆ’ ಹೀಗೆ ತಯಾರಾದದ್ದು. ಒಂದು ಕಡಲ ಮೇಲಿದ್ದ ಮೋಡವೇ ಅವನ ಇನ್ನೊಂದು ಚಿತ್ರದ ಕಡಲ ಮೇಲೂ ತೇಲಿದ್ದುಂಟು!

ಇದೇ ಕೈಕೆಲಸ ಮುಂದೆ ಕಂಪ್ಯೂಟರಿಗೆ ಬಂತು. 1994ರಲ್ಲಿ ಫೋಟೊಶಾಪ್‌ಗೆ ಲೇಯರ್‌ಗಳು ಸೇರಿದವು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಒಂದೇ ನೋಟವನ್ನು ಒಮ್ಮೆ ಕಡಿಮೆ ಬೆಳಕಿಗೆ, ಒಮ್ಮೆ ಹೆಚ್ಚು ಬೆಳಕಿಗೆ ಹೊಂದಿಸಿ ತೆಗೆಯಬೇಕು. ಆಮೇಲೆ ಒಂದರ ಮೇಲೊಂದಿಟ್ಟು, ಬೇಡದ ಭಾಗವನ್ನು ಮಾಸ್ಕ್‌ನಿಂದ ಮರೆಮಾಡಬೇಕು. ಎಲೆಗಳ ಸಂದಿನಲ್ಲಿ ಆಕಾಶ ಇಣುಕುವ ಮರವೊಂದಿದ್ದರೆ ತಾಳ್ಮೆಯ ಪರೀಕ್ಷೆಯೇ ಸರಿ. ಆದರೆ ಯಾವ ಭಾಗ ಎಲ್ಲಿಂದ ಬಂತು ಎಂಬುದು ಮಾಡಿದವರಿಗೆ ಗೊತ್ತಿರುತ್ತದೆ.

ಎಚ್‌ಡಿಆರ್ ಬಂದ ದಾರಿ ಬೇರೆ. ಅಮೆರಿಕದ ಚಾರ್ಲ್ಸ್ ವೈಕಾಫ್ ಅಣುಸ್ಫೋಟಗಳನ್ನು ಸೆರೆಹಿಡಿಯಲು ಬೇರೆ ಬೇರೆ ವೇಗದ ಮೂರು ಪದರಗಳಿರುವ ಫಿಲ್ಮ್ ರೂಪಿಸಿದ್ದರು. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಭಾರತದಲ್ಲಿ ಹುಟ್ಟಿದ ಜಿತೇಂದ್ರ ಮಲಿಕ್, ಹಲವು ಫೋಟೊಗಳಿಂದ ಒಂದು ದೃಶ್ಯದ ಬೆಳಕನ್ನು ಲೆಕ್ಕಹಾಕುವ ವಿಧಾನ ಪ್ರಕಟಿಸಿದರು. ಅಷ್ಟು ಬೆಳಕು ಸಾಮಾನ್ಯ ಪರದೆಗೆ ಹಿಡಿಸದು, ಕುಗ್ಗಿಸಲೇಬೇಕು. ಈ ಕುಗ್ಗಿಸುವಿಕೆಗೆ ಟೋನ್ ಮ್ಯಾಪಿಂಗ್ ಎಂದು ಹೆಸರು. ಅದು ಅತಿಯಾದರೆ ಮರದ ಸುತ್ತ ಬಿಳಿ ಪ್ರಭಾವಳಿ ಏಳುತ್ತದೆ, ಸಾದಾ ಮೋಡವೂ ಈಗಲೇ ಸುರಿಯುವಂತೆ ಕಾಣುತ್ತದೆ.

2005ರಲ್ಲಿ ಫೋಟೊಶಾಪ್, 2010ರಲ್ಲಿ ಐಫೋನ್ ಎಚ್‌ಡಿಆರ್ ತಂದವು. ಇಂದು ಅನೇಕ ಫೋನುಗಳು ನಮ್ಮನ್ನು ಕೇಳದೆಯೇ ಹಲವು ಫೋಟೊ ತೆಗೆದು ಒಂದು ಮಾಡುತ್ತವೆ.

2012ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮುಖಪುಟದಲ್ಲಿ ಹೀಗೆ ಜೋಡಿಸಿದ ಸೇತುವೆಯ ಚಿತ್ರವೊಂದನ್ನು ಹಾಕಿತು. ಹಲವು ಫೋಟೊ ಸೇರಿಸಿದ್ದೆಂದು ಅಡಿಬರಹದಲ್ಲೇ ಹೇಳಿತ್ತು. ಆದರೂ ಸುದ್ದಿಚಿತ್ರಕ್ಕೆ ಇದು ಸಲ್ಲುತ್ತದೆಯೇ ಎಂದು ಪತ್ರಿಕಾ ಛಾಯಾಗ್ರಾಹಕರಲ್ಲಿ ದೊಡ್ಡ ಚರ್ಚೆಯಾಯಿತು.

ಊರಿನ ಸುದ್ದಿ ಬರೆಯುವ ನಮಗೂ ಈ ಪ್ರಶ್ನೆ ದೂರದ್ದಲ್ಲ. ಎರಡು ಬೆಳಕು ಸೇರಿಸುವುದೇ ಸುಳ್ಳು ಎಂದು ನಾವು ಹೇಳುವುದಿಲ್ಲ. ನಮ್ಮ ಕಣ್ಣಿಗೂ ಹೊಸ್ತಿಲ ಮುಖ, ಅಂಗಳದ ಬಿಸಿಲು ಎರಡೂ ಕಾಣುತ್ತವೆ. ಆದರೆ ಕೈಯಿಂದ ಜೋಡಿಸಿದವರನ್ನು ‘ಇಲ್ಲಿ ಏನು ಮಾಡಿದಿರಿ’ ಎಂದು ಕೇಳಬಹುದು. ಫೋನ್ ತಾನಾಗಿ ಜೋಡಿಸಿದ್ದಕ್ಕೆ ಯಾರನ್ನು ಕೇಳುವುದು? ಬೇರೆ ಬೇರೆ ಕ್ಷಣಗಳ ಫೋಟೊ ಒಂದಾಗುವಾಗ ನಡೆಯುತ್ತಿದ್ದ ದನ ಎರಡಾಗಿ ಕಾಣಬಹುದು, ಅರ್ಧ ಮಾಯವಾಗಲೂಬಹುದು. ನೀರು ನಿಂತ ಹೊಲದ ಫೋಟೊ ನಾಳೆ ಪರಿಹಾರದ ಅರ್ಜಿಗೆ ಲಗತ್ತಾಗುತ್ತದೆ. ಮೋಡದ ಬಣ್ಣ ಅನುಮಾನ ತಂದರೆ ನಷ್ಟ ರೈತರದ್ದೇ.

ಹಾಗಾಗಿ ಹಾನಿಯ ಫೋಟೊ ತೆಗೆಯುವಾಗ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಆಯ್ಕೆ ಇದ್ದರೆ ಆಫ್ ಮಾಡಿ ಒಂದು, ಆನ್ ಮಾಡಿ ಒಂದು ತೆಗೆಯಿರಿ. ಎರಡನ್ನೂ ಉಳಿಸಿಕೊಳ್ಳಿ. ನಮಗೆ ಕಳಿಸುವಾಗ ಯಾವುದು ಯಾವುದೆಂದು ಒಂದು ಸಾಲು ಬರೆಯಿರಿ.