ವಿದ್ಯೆಯ ಋಣ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ವಿದ್ಯೆಯೆಂಬುದು ಕಲಿತವನೊಬ್ಬನ ಸ್ವಾರ್ಜಿತವೆಂದು ಎಣಿಸಲ್ಪಟ್ಟುದು ತೀರ ಈಚೆಗೆ. ಐಹೊಳೆಯ ಹೆಸರನ್ನೇ ಧರಿಸಿ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿದ ಅಯ್ಯಾವೊಳೆ ಐನೂರ್ವರೆಂಬ ವಣಿಕ್ಸಂಘದವರು, ತಮ್ಮ ಸರಕಿನ ಹೇರುಗಳ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವಾಲಯ ಮಠಗಳಿಗೆ ದತ್ತಿಯನ್ನು ಬಿಟ್ಟುದಕ್ಕೆ ಶಾಸನಗಳು ಸಾಕ್ಷಿಯಾಗಿವೆ. ಪಾಠ ಪ್ರವಚನಗಳಿಗೆ ಅಂದು ನೆಲೆಯಾದುದು ಇಂತಹ ಆಶ್ರಯವೇ.

ಈ ಪರಂಪರೆಯು ಕಳೆದ ಶತಮಾನದ ಆರಂಭದಲ್ಲಿ ಹೊಸ ರೂಪವನ್ನು ತಾಳಿತು. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿಯ ಸಮೀಪದಲ್ಲಿ, ಮಲಪ್ರಭೆಯ ದಡದ ಮೇಲೆ, ಶಿವಯೋಗಮಂದಿರವನ್ನು ಕಟ್ಟಿದರು. ಅಲ್ಲಿ ಅಭ್ಯಾಸ ಮಾಡಿದ ವಟುಗಳು ನಾಡಿನ ಮಠಗಳಿಗೆ ಅಧಿಪತಿಗಳಾಗಿ ಹೋಗಿ, ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಸಿದರು. ಕುಮಾರಸ್ವಾಮಿಗಳ ಆಶ್ರಯದಲ್ಲಿಯೇ ಸಂಗೀತವನ್ನು ಸಾಧಿಸಿದ ಜನ್ಮಾಂಧರಾದ ಪಂಚಾಕ್ಷರಿ ಗವಾಯಿಗಳು, ತಾವು ಪಡೆದ ವಿದ್ಯೆಯನ್ನು ಕೀರ್ತಿಗೆ ಸೋಪಾನವಾಗಿಸಿಕೊಳ್ಳದೆ, ಅಂಧರೂ ಅನಾಥರೂ ಆದ ಮಕ್ಕಳಿಗೆ ಜೀವನಾಧಾರವಾಗಿ ಹಂಚಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅದರ ಫಲ. ಕಲಿತುದನ್ನೇ ಸೇವೆಯಾಗಿ ಪರಿವರ್ತಿಸಿದುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನವನ್ನು ನಾನರಿಯೆ.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಈ ಭಾಗದಲ್ಲಿ ಕಾಲೇಜುಗಳು ಬೆಳೆದುವು. 1963ರಲ್ಲಿ ಬಾಗಲಕೋಟೆಗೆ ಇಂಜಿನಿಯರಿಂಗ್ ಕಾಲೇಜೂ ಬಂದಿತು. ಆದರೆ ಪರೀಕ್ಷೆಯೇ ವಿದ್ಯೆಯ ಪರಮಾವಧಿಯೆಂಬ ಭಾವನೆಯೂ ಜೊತೆಯಲ್ಲಿಯೇ ಬೆಳೆಯಿತು. ಇದರ ಅಪಾಯವನ್ನು ದೇಶದ ಹಿರಿಯರು ಕಾಣದಿರಲಿಲ್ಲ. ರಾಧಾಕೃಷ್ಣನ್ ಆಯೋಗವೂ ಕೊಠಾರಿ ಆಯೋಗವೂ ವಿದ್ಯಾರ್ಥಿಗಳು ಸಮಾಜಸೇವೆಯಲ್ಲಿ ತೊಡಗಬೇಕೆಂದು ಸೂಚಿಸಿದುವು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಶಿಕ್ಷಣಮಂತ್ರಿ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಹಳ್ಳಿಯಲ್ಲಿ ಒಂದು ವಾರದ ವಿಶೇಷ ಶಿಬಿರ, ಇದು ಅದರ ಕ್ರಮ.

ರಸ್ತೆಯನ್ನು ಸಮಮಾಡಿ, ಗಟಾರವನ್ನು ತೆಗೆದು, ಸಸಿಗಳನ್ನು ನೆಟ್ಟು, ರಾತ್ರಿ ಗುಡಿಯ ಮುಂದೆ ನಾಟಕವಾಡುವ ಈ ಶಿಬಿರಗಳ ಶ್ರಮವು ನಿಶ್ಚಯವಾಗಿಯೂ ಶ್ಲಾಘ್ಯವೇ. ಆದರೆ ಸಲಿಕೆ ಹಿಡಿದ ರಸಾಯನಶಾಸ್ತ್ರದ ವಿದ್ಯಾರ್ಥಿಯ ರಸಾಯನಶಾಸ್ತ್ರವು ಎಷ್ಟೋ ವೇಳೆ ಕಾಲೇಜಿನಲ್ಲಿಯೇ ಉಳಿಯಿತು. ಈ ಕೊರತೆಯನ್ನು ತುಂಬುವ ದಾರಿಯನ್ನು 2008ರಲ್ಲಿ ಬಾಗಲಕೋಟೆಯಲ್ಲಿ ಸ್ಥಾಪಿತವಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಕಾಣಬಹುದು. ಅಂತಿಮ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಯಲ್ಲಿ ವಾಸಿಸಿ, ಊರವರೊಡನೆ ಕುಳಿತು ರಂಗೋಲಿಯ ಪುಡಿಯಿಂದ ಊರಿನ ಹೊಲ, ಹಳ್ಳ, ಬಾವಿಗಳ ನಕ್ಷೆಯನ್ನು ನೆಲದ ಮೇಲೆ ಬರೆಯುತ್ತಾರೆ; ಬೆಳೆಗಳ ರೋಗಗಳನ್ನು ಕುರಿತು ರೈತರೊಡನೆ ಚರ್ಚಿಸುತ್ತಾರೆ. ದುಂಡಾಣು ಅಂಗಮಾರಿಯಿಂದ ದಾಳಿಂಬೆಯ ತೋಟಗಳನ್ನೇ ಕಳೆದುಕೊಂಡವರಿರುವ ಈ ಜಿಲ್ಲೆಯಲ್ಲಿ ಅಂತಹ ಚರ್ಚೆಯು ಕೇವಲ ಪಾಠದ ಮಾತಲ್ಲ. ಅಲ್ಲಿ ವಿದ್ಯಾರ್ಥಿಯು ಕಲಿಸುವುದಕ್ಕಿಂತ ಕಲಿಯುವುದೇ ಹೆಚ್ಚೆಂಬುದು ಆ ಕ್ರಮದ ದೋಷವಲ್ಲ, ಗುಣ.

ಇದೇ ನ್ಯಾಯವು ಇತರ ಶಾಸ್ತ್ರಗಳಿಗೂ ಸಲ್ಲಬೇಕು. ಇಳಕಲ್ಲಿನ ನೇಕಾರನು ಹತ್ತಿಯ ಒಡಲಿಗೆ ರೇಷ್ಮೆಯ ಸೆರಗಿನ ಎಳೆಗಳನ್ನು ಕೊಂಡಿಹಾಕಿ ಜೋಡಿಸುವ ಕೌಶಲವನ್ನು ದಾಖಲಿಸಲು ಇತಿಹಾಸದ ವಿದ್ಯಾರ್ಥಿಯೂ, ಬಣ್ಣಗಳ ಗುಣದೋಷಗಳನ್ನು ಪರಿಶೀಲಿಸಲು ರಸಾಯನಶಾಸ್ತ್ರದವನೂ, ನೇಕಾರರ ಲೆಕ್ಕಪತ್ರಗಳಿಗೆ ವಾಣಿಜ್ಯದವನೂ ಮುಂದಾದರೆ, ಪದವಿಯೂ ಸಾರ್ಥಕ, ಮಗ್ಗವೂ ಸುರಕ್ಷಿತ. ಅಧ್ಯಾಪಕರಲ್ಲಿ ನನ್ನ ಪ್ರಾರ್ಥನೆಯಿಷ್ಟೆ: ಶಿಬಿರದ ಕಾರ್ಯವನ್ನು ನಿಶ್ಚಯಿಸುವ ಮುನ್ನ ಆ ಊರಿನವರನ್ನು ಕೇಳಿರಿ, ವಿದ್ಯಾರ್ಥಿಗಳು ಬರೆದ ವರದಿಯ ಪ್ರತಿಯೊಂದನ್ನು ತಪ್ಪದೆ ಅಲ್ಲಿಯ ಗ್ರಾಮಪಂಚಾಯತಿಗೆ ಒಪ್ಪಿಸಿರಿ.