ಗಾಳದ ಕೋಲಿನ ರೇಷ್ಮೆಸುತ್ತು

ಪುಣೆಯ ಕನ್ನಡಿಗರಾದ ನಾವು ದಿನವೂ ದಾಟುವ ಮುಳಾ-ಮುಠಾ ನದಿ ಮತ್ಸ್ಯಶಾಸ್ತ್ರದಲ್ಲಿ ಹೆಸರಾದುದು. ಸೈಕ್ಸ್ 1839ರಲ್ಲಿ ಇಲ್ಲಿಯ ಮಹಶೀರ್ ಮೀನನ್ನು ವರ್ಣಿಸಿ ‘ಖುದ್ರಿ’ ಎಂದು ಹೆಸರಿಟ್ಟನು. ಮಹಶೀರ್ ಬೇಟೆಯ ಮರುಳು ಹಿಡಿದಿದ್ದ ದಕ್ಷಿಣ ಕನ್ನಡದ ಕಲೆಕ್ಟರ್ ಎಚ್. ಎಸ್. ಥಾಮಸನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು.

ಆ ಕಾಲದ ಕೋಲಿಗೆ ಉಂಗುರಗಳನ್ನು ಬಿಗಿದು ನಿಲ್ಲಿಸುತ್ತಿದ್ದುದು ರೇಷ್ಮೆಯ ಎಳೆ. ಎಳೆಯ ತುದಿಯನ್ನು ಅದರದೇ ಮೊದಲ ಸುತ್ತುಗಳ ಅಡಿಯಲ್ಲಿ ಒತ್ತಿಹಿಡಿದು, ಸುತ್ತಿಗೆ ಸುತ್ತು ತಾಗುವಂತೆ ಬಿಗಿಯಾಗಿ ಸುತ್ತುವರು. ಕಡೆಯ ಕೆಲವು ಸುತ್ತುಗಳ ಕೆಳಗೆ ಬೇರೊಂದು ದಾರದ ಕುಣಿಕೆಯಿಟ್ಟು, ಉಳಿದ ತುದಿಯನ್ನು ಅದರಲ್ಲಿ ಪೋಣಿಸಿ ಒಳಕ್ಕೆಳೆಯುವರು. ಎಲ್ಲಿಯೂ ಗಂಟಿಲ್ಲ! ವಾರ್ನಿಷ್ ಬಳಿದೊಡನೆ ರೇಷ್ಮೆ ಪಾರದರ್ಶಕವಾಗಿ ಕೆಳಗಿನ ಬಿದಿರು ತೋರುತ್ತದೆ. ಬಣ್ಣ ಉಳಿಯಬೇಕಾದರೆ ಮೊದಲೇ ರಕ್ಷಕ ಲೇಪವನ್ನು ಹಚ್ಚಬೇಕು. ಇಂದಿನ ನೈಲಾನ್ ಎಳೆಯ ವಜ್ರಾಕೃತಿಗಳು ಕಣ್ಸೆಳೆಯುವುದು ನಿಜ. ನಮಗಾದರೋ ಬಿದಿರು ಇಣುಕುವ ಆ ಹಳೆಯ ಸುತ್ತೇ ಮೇಲು.

ಕೋಲು ಇದ್ದರೇನು, ನಗರದ ಕೊಳಚೆ ಹೊತ್ತ ಇಂದಿನ ಮುಠೆಯಲ್ಲಿ ಆ ಮೀನಿಗೆ ನೆಲೆಯಿಲ್ಲ. ಲೋನಾವಳದ ವಲವಣದಲ್ಲಿ ಟಾಟಾ ಪವರ್ ಸಂಸ್ಥೆ 1970ರ ದಶಕದಿಂದ ಮಹಶೀರ್ ಮರಿಗಳನ್ನು ಸಾಕಿ ಬೇರೆ ನೀರುಗಳಿಗೆ ಬಿಡುತ್ತಿದೆ.