ಡ್ರಿಲ್‌ನ ಕಾಲ ಮುಗಿಯಿತೇ? ಚೀನೀ ಕಲಿಕೆಯ ಹಳೆಯ ಪಠ್ಯಕ್ರಮಗಳ ಮರುಪರಿಶೀಲನೆ

ವಿನ್ ವಾಂಗ್ ಮತ್ತು ಬಿಲ್ ವ್ಯಾನ್‌ಪ್ಯಾಟನ್ 2003ರಲ್ಲಿ ‘ಫಾರಿನ್ ಲ್ಯಾಂಗ್ವೇಜ್ ಆ್ಯನಲ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿ, ಭಾಷಾಬೋಧನೆಯಲ್ಲಿ ಯಾಂತ್ರಿಕ ಡ್ರಿಲ್‌ಗೆ ಇನ್ನು ಸ್ಥಾನವಿಲ್ಲವೆಂದು ತೀರ್ಪು ಕೊಟ್ಟರು. ಮರುವರ್ಷವೇ ಬೆಟ್ಟಿ ಲೂ ಲೀವರ್, ಬೆಂಜಮಿನ್ ರಿಫ್ಕಿನ್ ಮೊದಲಾದವರು ಅದೇ ಪತ್ರಿಕೆಯಲ್ಲಿ ಇದಕ್ಕೆ ಆಕ್ಷೇಪವೆತ್ತಿದರು. ಆ ಚರ್ಚೆಯಲ್ಲಿ ಚೀನೀ ಭಾಷೆಯ ವಿಶಿಷ್ಟ ಸಮಸ್ಯೆಗೆ ಸಿಗಬೇಕಾದ ಗಮನ ಸಿಗಲಿಲ್ಲ. ವ್ಯಾಕರಣದ ಮಟ್ಟಿಗೆ ವಾಂಗ್–ವ್ಯಾನ್‌ಪ್ಯಾಟನ್ ತೀರ್ಪು ಬಹುಪಾಲು ಸರಿ. ಆದರೆ ಚೀನೀಯ ತಾನಗಳ, ಅಂದರೆ ಟೋನ್‌ಗಳ, ಕಲಿಕೆಗೆ ಅದನ್ನು ವಿಸ್ತರಿಸಲಾಗದು ಎಂಬುದು ಪ್ರಸ್ತುತ ಲೇಖನದ ವಾದ.

ಹಿನ್ನೆಲೆಯ ಬಗ್ಗೆ ಹೆಚ್ಚು ವಿವಾದವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನಡೆದ ತೀವ್ರ ತರಬೇತಿಯ ಅನುಭವದಿಂದ ಯುವಾನ್ ರೆನ್ ಚಾವ್ ಅವರ ‘ಮ್ಯಾಂಡರಿನ್ ಪ್ರೈಮರ್’ (1948) ರೂಪುಗೊಂಡಿತು. ಜಾನ್ ಡಿಫ್ರಾನ್ಸಿಸ್ ಅವರ ‘ಬಿಗಿನಿಂಗ್ ಚೈನೀಸ್’ (1963) ಬದಲಿ ಕೋಷ್ಟಕಗಳನ್ನೂ ಮಾದರಿ ಡ್ರಿಲ್‌ಗಳನ್ನೂ ಪಾಠದ ಬೆನ್ನೆಲುಬಾಗಿಸಿತು. ಪಾಠಗಳನ್ನು ರೋಮನ್ ಲಿಪಿಯ ಪಿನ್‌ಯಿನ್‌ನಲ್ಲಿಟ್ಟು, ಲಿಪಿಚಿಹ್ನೆಗಳನ್ನು ಬೇರೆ ಸಂಪುಟಕ್ಕೆ ಬಿಟ್ಟಿತು. 1970ರ ದಶಕದಲ್ಲಿ ಅಮೆರಿಕದ ಫಾರಿನ್ ಸರ್ವೀಸ್ ಇನ್‌ಸ್ಟಿಟ್ಯೂಟ್ ಇತರ ಸರ್ಕಾರಿ ಸಂಸ್ಥೆಗಳೊಡನೆ ಸೇರಿ ‘ಸ್ಟ್ಯಾಂಡರ್ಡ್ ಚೈನೀಸ್: ಎ ಮಾಡ್ಯುಲರ್ ಅಪ್ರೋಚ್’ ಎಂಬ ಧ್ವನಿಸುರುಳಿ ಆಧಾರಿತ ಪಠ್ಯಕ್ರಮವನ್ನು ಸಿದ್ಧಪಡಿಸಿತು. ಅಷ್ಟರಲ್ಲಿ ಡ್ರಿಲ್‌ನ ತಾತ್ವಿಕ ಬುಡವೇ ಅಲುಗಿತ್ತು. ಭಾಷೆ ಅಭ್ಯಾಸಬಲದ ಫಲ ಎಂಬ ಸ್ಕಿನ್ನರ್ ನಿಲುವನ್ನು ಚಾಮ್‌ಸ್ಕಿ 1959ರ ವಿಮರ್ಶೆಯಲ್ಲಿ ಕಟುವಾಗಿ ಖಂಡಿಸಿದ್ದರು. ಬೀಜಿಂಗ್‌ನ ‘ಪ್ರಾಕ್ಟಿಕಲ್ ಚೈನೀಸ್ ರೀಡರ್’ (1981) ಬದಲಿ ಅಭ್ಯಾಸಗಳನ್ನು ಉಳಿಸಿಕೊಂಡರೂ ಕಥನ ಮತ್ತು ಸನ್ನಿವೇಶಕ್ಕೆ ಒತ್ತುಕೊಟ್ಟಿತು. 1997ರಿಂದ ಬಂದ ‘ಇಂಟಿಗ್ರೇಟೆಡ್ ಚೈನೀಸ್’ ಕೇಳು–ಆಡು–ಓದು–ಬರೆಗಳನ್ನು ಮೊದಲಿನಿಂದಲೇ ಒಟ್ಟಿಗೆ ಕಲಿಸುತ್ತದೆ. ಉಚ್ಚಾರಣೆಯ ಮುಖ್ಯ ಭಾರವನ್ನು ಆರಂಭಿಕ ಭಾಗವೇ ಹೊರುತ್ತದೆ.

ಈಗ ವಿವಾದಾಂಶಕ್ಕೆ ಬರೋಣ. ವಾಂಗ್–ವ್ಯಾನ್‌ಪ್ಯಾಟನ್ ವಾದದ ತಿರುಳು ಇದು: ಭಾಷೆ ಮೈಗೂಡುವುದು ಅರ್ಥಸಹಿತವಾದ ಮಾತನ್ನು ಕೇಳಿ, ಓದಿ ಗ್ರಹಿಸುವುದರಿಂದ, ಅರ್ಥದ ಗೊಡವೆಯಿಲ್ಲದೆ ವಾಕ್ಯ ಒಪ್ಪಿಸುವ ಅಭ್ಯಾಸ ಆ ಗ್ರಹಿಕೆಗೆ ಏನನ್ನೂ ಕೂಡಿಸದು. ಇದರಲ್ಲಿ ಎರಡು ಆಕ್ಷೇಪಗಳು ಅಡಗಿವೆ. ಒಂದು, ಡ್ರಿಲ್ ಗ್ರಹಿಕೆಗೆ ಮೊದಲೇ ಉಕ್ತಿಯನ್ನು ಬೇಡುತ್ತದೆ. ಇನ್ನೊಂದು, ಅದು ಅರ್ಥವನ್ನು ಬದಿಗೊತ್ತುತ್ತದೆ.

ಮೊದಲ ಆಕ್ಷೇಪ ಮಾಡ್ಯುಲರ್ ಪಠ್ಯಕ್ರಮಕ್ಕೆ ತಾಗುವುದಿಲ್ಲ. ಅದರ ಘಟಕಗಳ ಸುರುಳಿಗಳ ಕ್ರಮವನ್ನೇ ನೋಡಬಹುದು: ಮೊದಲು ಗ್ರಹಿಕೆಯ ಸುರುಳಿ, ಬಳಿಕ ಉಕ್ತಿಯದು, ಮತ್ತೆ ಗ್ರಹಿಕೆ, ಮತ್ತೆ ಉಕ್ತಿ, ಡ್ರಿಲ್‌ನ ಸುರುಳಿ ಕಟ್ಟಕಡೆಗೆ. ಡ್ರಿಲ್ ಆರಂಭವಾಗುವ ಹೊತ್ತಿಗೆ ಅಲ್ಲಿನ ವಾಕ್ಯಗಳ ಅರ್ಥ ಕಲಿಯುವವರಿಗೆ ತಿಳಿದಿರುತ್ತದೆ. ಹಳೆಯ ಪಠ್ಯಕ್ರಮಗಳನ್ನೆಲ್ಲ ‘ಗಿಳಿಪಾಠ’ವೆಂದು ಒಟ್ಟಾಗಿ ತಳ್ಳಿಹಾಕುವವರು ಈ ರಚನೆಯನ್ನು ಗಮನಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ವ್ಯಾಕರಣದಲ್ಲಿ ಕಲಿಯಬೇಕಾದದ್ದು ರೂಪಕ್ಕೂ ಅರ್ಥಕ್ಕೂ ಇರುವ ನಂಟು. ಆ ನಂಟು ಬೆಸೆಯಬೇಕಾದರೆ ರೂಪವಾದರೂ ಕಿವಿಗೆ ದಕ್ಕಬೇಕು. ಮಾತೃಭಾಷೆಯಲ್ಲಿ ತಾನಭೇದವಿಲ್ಲದವರು ಚೀನೀ ಪದದ ಏರಿಳಿತವನ್ನು ಪದದ ಅಂಗವಾಗಿ ಕೇಳಿಸಿಕೊಳ್ಳದೆ, ಪ್ರಶ್ನೆಯದೋ ಭಾವದ್ದೋ ರಾಗವೆಂದು ಭಾವಿಸುವುದುಂಟು. ಅಂಥವರಿಗೆ ಎಷ್ಟು ಅರ್ಥಪೂರ್ಣ ಸಂಭಾಷಣೆ ಕೇಳಿಸಿದರೂ ತಾನ ಕಿವಿಯಾಚೆಗೇ ಹಾದುಹೋಗಬಹುದು. ಯುಯೆ ವಾಂಗ್ ಮತ್ತು ಸಹಲೇಖಕರು 1999ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮುಖ್ಯವಾಗುತ್ತದೆ. ಚೀನೀ ಕಲಿಯುತ್ತಿದ್ದ ಅಮೆರಿಕನ್ನರು ಎರಡು ವಾರಗಳ 8 ಅವಧಿಗಳಲ್ಲಿ, ಹಲವು ಕಂಠಗಳಲ್ಲಿ ಕೇಳಿದ ಪದಗಳ ತಾನವನ್ನು ಗುರುತಿಸುವ ತರಬೇತಿ ಪಡೆದರು. ಗುರುತಿಸುವಿಕೆಯ ನಿಖರತೆ ಸರಾಸರಿ 21 ಶೇಕಡಾಂಶ ಏರಿತು. ಆ ಲಾಭ ಅಪರಿಚಿತ ಪದಗಳಿಗೂ ಕಂಠಗಳಿಗೂ ಹರಡಿತು, 6 ತಿಂಗಳ ನಂತರವೂ ಉಳಿಯಿತು. ಪ್ರತಿ ಪ್ರಶ್ನೆಗೂ ಒಂದೇ ಸರಿಯುತ್ತರ, ಅರ್ಥ ತಿಳಿಯದಿದ್ದರೂ ಉತ್ತರಿಸಬಹುದು: ಕ್ರಿಸ್ಟಿನಾ ಬ್ರಾಟ್ ಪಾಲ್‌ಸ್ಟನ್ ಮಾಡಿದ ಯಾಂತ್ರಿಕ, ಅರ್ಥಪೂರ್ಣ, ಸಂವಹನಾತ್ಮಕ ಎಂಬ ವಿಂಗಡಣೆಯ ಪ್ರಕಾರ ಇದು ಯಾಂತ್ರಿಕ ಅಭ್ಯಾಸವೇ. ಹೀಗಾಗಿ ಧ್ವನಿಯ ಮಟ್ಟದಲ್ಲಿ ಡ್ರಿಲ್ ಅರ್ಥಗ್ರಹಿಕೆಗೆ ಎದುರಾಳಿಯಲ್ಲ, ಅದಕ್ಕೆ ದಾರಿ ಮಾಡಿಕೊಡುವ ಪೂರ್ವಸಿದ್ಧತೆ.

ಬಿಡಿ ಪದದಿಂದ ವಾಕ್ಯಕ್ಕೆ ಬಂದರೆ ಹಳೆಯ ಬದಲಿ ಕೋಷ್ಟಕಗಳ ಇನ್ನೊಂದು ಗುಣ ಕಾಣುತ್ತದೆ. ‘ತುಂಬಾ’ ಎಂಬರ್ಥದ ‘ಹೆನ್’ ಮೂರನೆಯ ತಾನದ್ದು. ಅದರ ಮುಂದೆ ಮೂರನೆಯ ತಾನದ ‘ಹಾವ್’ (ಚೆನ್ನಾಗಿದೆ) ಬಂದರೆ ‘ಹೆನ್’ ಎರಡನೆಯ ತಾನದಂತೆ ಏರುತ್ತದೆ. ‘ಹಾವ್’ ಜಾಗದಲ್ಲಿ ‘ಕಾವ್’ (ಎತ್ತರ, ಮೊದಲ ತಾನ), ‘ಮಾಂಗ್’ (ಬಿಡುವಿಲ್ಲ, ಎರಡನೆಯದು), ‘ಕ್ವೇ’ (ದುಬಾರಿ, ನಾಲ್ಕನೆಯದು) ಇಟ್ಟರೆ ಅದೇ ‘ಹೆನ್’ ಏರದೆ ತಗ್ಗಿನಲ್ಲೇ ನಿಲ್ಲುತ್ತದೆ. ವ್ಯಾಕರಣದ ಕಣ್ಣಿಗೆ ಈ ನಾಲ್ಕೂ ಒಂದೇ ವಾಕ್ಯ. ಪದ ಬದಲಿಸುವವರು ಹೊಸದೇನನ್ನೂ ಕಲಿಯುವುದಿಲ್ಲ. ಧ್ವನಿಯ ದೃಷ್ಟಿಯಿಂದಾದರೋ ಪ್ರತಿ ಬದಲಾವಣೆಯಲ್ಲೂ ಹಿಂದಿನ ಪದ ಏರಬೇಕೋ ತಗ್ಗಿನಲ್ಲೇ ನಿಲ್ಲಬೇಕೋ ಎಂಬುದನ್ನು ಮುಂದಿನ ಪದ ನೋಡಿ ನಿರ್ಧರಿಸಬೇಕಾಗುತ್ತದೆ. ವ್ಯಾಕರಣದ ತಕ್ಕಡಿಯಲ್ಲಿ ಮಾತ್ರ ತೂಗಿದ್ದರಿಂದಲೇ ಇಂಥ ಕೋಷ್ಟಕ ನಿರರ್ಥಕವಾಗಿ ಕಂಡಿತು ಎಂಬುದು ನನ್ನ ನಿಲುವು.

ಈ ನಿಲುವಿಗೆ ಮಿತಿಗಳುಂಟು. ಮೊದಲನೆಯದಾಗಿ, ನಾನು ಹೇಳುತ್ತಿರುವುದು ಕೋಷ್ಟಕಗಳ ಪರಿಣಾಮದ ಬಗ್ಗೆ, ಕರ್ತೃಗಳ ಉದ್ದೇಶದ ಬಗ್ಗೆ ಅಲ್ಲ. ಮಾದರಿ ಡ್ರಿಲ್‌ಗಳ ಮೊದಲ ಗುರಿ ವಾಕ್ಯರಚನೆಯೇ. ಎರಡನೆಯದಾಗಿ, 1999ರ ಪ್ರಯೋಗ ಬಿಡಿ ಪದಗಳ ಶ್ರವಣವನ್ನು ಕುರಿತದ್ದು. ಅದೇ ತಂಡದ 2003ರ ಅಧ್ಯಯನ ಅಂಥ ತರಬೇತಿಯಿಂದ ಉಚ್ಚಾರಣೆಯೂ ಸುಧಾರಿಸಿದ್ದನ್ನು ತೋರಿಸಿತಾದರೂ ಅಲ್ಲಿಂದ ವಾಕ್ಯಮಟ್ಟದ ಬದಲಿ ಅಭ್ಯಾಸಕ್ಕೆ ದಾಟುವುದು ಅನುಮಾನವೇ ಹೊರತು ಪ್ರಮಾಣವಲ್ಲ. ಮೂರನೆಯದಾಗಿ, ಆ ತರಬೇತಿಯ ಬಲ ಕಂಠವೈವಿಧ್ಯದಲ್ಲಿತ್ತು. ಕೆಲವೇ ಧ್ವನಿಗಳನ್ನು ಮರಳಿ ಮರಳಿ ಕೇಳಿಸುವ ಹಳೆಯ ಸುರುಳಿಗಳಿಗೆ ಅಷ್ಟೇ ಫಲವನ್ನು ಆರೋಪಿಸುವಂತಿಲ್ಲ. ಆಧುನಿಕ ಪಠ್ಯಗಳ ಸಹಜ ಸಂಭಾಷಣೆ, ಸಮಕಾಲೀನ ಪದಸಂಪತ್ತು, ಓದಿನ ಶಿಸ್ತು ಇವನ್ನು ಕಳೆದುಕೊಂಡು ಹಿಂದಕ್ಕೆ ಹೋಗಬೇಕೆಂದೂ ನಾನು ಹೇಳುತ್ತಿಲ್ಲ.

ಕಲಿಯುವವರ ಮೊದಲ ಭಾಷೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಂಗ್ಲಿಷ್ ಭಾಷಿಕರಿಗಾಗಿ ಸಿದ್ಧವಾದ ಪಠ್ಯಗಳು ಅಲ್ಪಪ್ರಾಣ–ಮಹಾಪ್ರಾಣ ಭೇದವನ್ನು ವಿಶೇಷವಾಗಿ ತಿದ್ದಬೇಕಾಗುತ್ತದೆ. ಕನ್ನಡಿಗರಿಗೆ ಪ–ಫ, ತ–ಥಗಳ ಭೇದ, ಆಡುಮಾತಿನಲ್ಲಿ ಹಲವೆಡೆ ಸಡಿಲವಾಗಿದ್ದರೂ, ಅಕ್ಷರಮಾಲೆಯಿಂದಲೇ ಪರಿಚಿತ. ಅಲ್ಲಿ ಡ್ರಿಲ್ ಮೊಟಕಾಗಬಹುದು. ತಾನದ ವಿಷಯದಲ್ಲಿ ಮಾತ್ರ ಕನ್ನಡಿಗರು ಇಂಗ್ಲಿಷರಷ್ಟೇ ಹೊಸಬರು.

ಮಾಡಬೇಕಾದ ಕೆಲಸ ಇನ್ನೂ ಬಹಳವಿದೆ. ಒಂದೇ ವಾಕ್ಯಸಮೂಹವನ್ನು ಒಂದು ಗುಂಪಿಗೆ ಬದಲಿ ಕೋಷ್ಟಕದಲ್ಲೂ ಇನ್ನೊಂದಕ್ಕೆ ಸಂಭಾಷಣೆಯಲ್ಲೂ ಕಲಿಸಿ, ತಿಂಗಳುಗಳ ಬಳಿಕ ಸಹಜ ಮಾತಿನಲ್ಲಿ ಉಳಿದ ತಾನವನ್ನು ಅಳೆದರೆ ಮೇಲಿನ ವಾದ ನಿಲ್ಲುತ್ತದೆಯೋ ಬೀಳುತ್ತದೆಯೋ ತಿಳಿದೀತು. ತಾನವುಳ್ಳ ಪಂಜಾಬಿ, ಮಣಿಪುರಿ ಭಾಷಿಕರೂ ತಾನವಿಲ್ಲದ ಕನ್ನಡಿಗರೂ ಕೂಡಿ ಕಲಿಯಬಲ್ಲ ಭಾರತದ ತರಗತಿಗಳು ಇಂಥ ಪರೀಕ್ಷೆಗೆ ಅನುಕೂಲವಾದ ನೆಲೆ. ಅಲ್ಲಿಯವರೆಗೆ ಡ್ರಿಲ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಇಡಿಯಾಗಿ ಕೇಳದೆ, ಭಾಷೆಯ ಯಾವ ಸ್ತರಕ್ಕೆ, ಯಾವ ಹಂತದಲ್ಲಿ ಎಂದು ಬಿಡಿಸಿ ಕೇಳುವುದೇ ಯುಕ್ತ.